ಕೋಲ್ಕತ್ತಾದ ಟ್ರಾಮ್ ಡಿಪೋ ಒಳಗೆ: ದಾವಣಗೆರೆ, ಚಿತ್ರದುರ್ಗದಿಂದ ಹೊರಡುವವರಿಗೆ ಮಾರ್ಗದರ್ಶಿ

ಟ್ರಾಮ್ ಡಿಪೋ ಒಳಗೆ ಬಿಡುತ್ತಾರೆಯೇ? ಯಾರನ್ನು ಕೇಳಬೇಕು? ಒಳಗೆ ಹೋದರೆ ನೋಡುವುದೇನು? ದಾವಣಗೆರೆ, ಚಿತ್ರದುರ್ಗದ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಕೇಳುವವರಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿದ್ದಾರೆ, ನಿವೃತ್ತ ರೈಲ್ವೆ ನೌಕರರಿದ್ದಾರೆ, ಹತ್ತಿ ಗಿರಣಿಯಲ್ಲಿ ಫಿಟ್ಟರ್ ಆಗಿ ದುಡಿದು ಈಗ ಮನೆಯಲ್ಲಿ ಕೂರಲಾರದೆ ಊರೂರು ಸುತ್ತುವ ಹಿರಿಯರೂ ಇದ್ದಾರೆ. ಒಬ್ಬೊಬ್ಬರಿಗೇ ಉತ್ತರಿಸುವ ಬದಲು ಎಲ್ಲವನ್ನೂ ಒಂದೆಡೆ ಬರೆದಿಡುತ್ತಿದ್ದೇನೆ.

ಕರ್ನಾಟಕದಲ್ಲಿ ಎಲ್ಲಿಯಾದರೂ ಟ್ರಾಮ್ ನೋಡಬಹುದೇ ಎಂದು ಹಲವರು ಕೇಳುತ್ತಾರೆ. ಇಲ್ಲ. ನಮಗೆ ಹತ್ತಿರವಿದ್ದ ಮದ್ರಾಸಿನಲ್ಲಿ 1895ರಲ್ಲಿ ವಿದ್ಯುತ್ ಟ್ರಾಮ್ ಶುರುವಾಗಿ 1953ರಲ್ಲಿ ನಿಂತಿತು. ದೆಹಲಿಯಲ್ಲಿ 1963ರಲ್ಲಿ, ಮುಂಬೈಯಲ್ಲಿ 1964ರಲ್ಲಿ ನಿಂತಿತು. ಉಳಿದದ್ದು ಕೋಲ್ಕತ್ತಾ ಒಂದೇ. ಅಲ್ಲಿ 1873ರಲ್ಲಿ ಕುದುರೆ ಎಳೆಯುವ ಟ್ರಾಮ್ ಮೊದಲು ಓಡಿತು, 1902ರಲ್ಲಿ ವಿದ್ಯುತ್ ಟ್ರಾಮ್ ಬಂತು.

ಟ್ರಾಮ್ ಹತ್ತಿ ಇಳಿದು ಫೋಟೋ ತೆಗೆಸಿಕೊಂಡು ಬರುವುದಕ್ಕೆ ಮಾರ್ಗದರ್ಶಿ ಬೇಕಿಲ್ಲ. ಗಾಡಿಯ ಅಡಿಭಾಗ, ಚಾಲಕನ ಯಂತ್ರ, ಬಿಚ್ಚಿಟ್ಟ ಚಕ್ರ ನೋಡಬೇಕೆನ್ನುವವರಿಗಾಗಿ ಇದನ್ನು ಬರೆದಿದ್ದೇನೆ. ಅದಕ್ಕೆ ಹಣಕ್ಕಿಂತ ಹೆಚ್ಚಾಗಿ ಬೇಕಾದದ್ದು ಸರಿಯಾಗಿ ಬರೆದ ಒಂದು ಅರ್ಜಿ ಮತ್ತು ಒಂದಿಷ್ಟು ತಾಳ್ಮೆ.

1. ಗಾಡಿ ಓಡುತ್ತಿದೆಯೇ ಎಂದು ಮೊದಲು ತಿಳಿದುಕೊಳ್ಳಿ

ರೈಲು ಟಿಕೆಟ್ ತೆಗೆಸಿದ ಮೇಲೆ ಈ ವಿಚಾರ ಮಾಡುವವರೇ ಹೆಚ್ಚು. ಕ್ರಮ ಉಲ್ಟಾ ಆಗಬೇಕು. 2024ರ ಸೆಪ್ಟೆಂಬರ್‌ನಲ್ಲಿ ಪಶ್ಚಿಮ ಬಂಗಾಳ ಸರ್ಕಾರ ಎಸ್ಪ್ಲನೇಡ್–ಮೈದಾನ ನಡುವಿನ ಪಾರಂಪರಿಕ ಮಾರ್ಗವೊಂದನ್ನು ಉಳಿಸಿಕೊಂಡು ಮಿಕ್ಕ ಟ್ರಾಮ್ ಸೇವೆ ನಿಲ್ಲಿಸುವುದಾಗಿ ಹೇಳಿತು. ಅದನ್ನು ವಿರೋಧಿಸಿದವರೂ ಇದ್ದಾರೆ, ಕಲ್ಕತ್ತಾ ಹೈಕೋರ್ಟಿನಲ್ಲಿ ವಿಚಾರಣೆಯೂ ನಡೆದಿದೆ. ಹಾಗಾಗಿ ಹಳೆಯ ಪ್ರವಾಸ ಪುಸ್ತಕದಲ್ಲಿರುವ ಮಾರ್ಗಗಳ ಪಟ್ಟಿ ಹಿಡಿದು ಹೊರಡಬೇಡಿ. ಹೊರಡುವ ತಿಂಗಳಿನ ಸುದ್ದಿ ಓದಿ, ಟ್ರಾಮ್ ಓಡಿಸುವ ಪಶ್ಚಿಮ ಬಂಗಾಳ ಸಾರಿಗೆ ನಿಗಮಕ್ಕೆ ಫೋನ್ ಮಾಡಿ ಕೇಳಿ. ಕೋಲ್ಕತ್ತಾದಲ್ಲಿ ಟ್ರಾಮ್ ಪ್ರಿಯರ ಸಂಘಗಳಿವೆ. ಕಚೇರಿಯವರಿಗಿಂತ ಇವರು ಬೇಗ, ಖಚಿತವಾಗಿ ಉತ್ತರಿಸುತ್ತಾರೆ.

ಸೇವೆ ನಿಂತ ಮಾರ್ಗದ ಡಿಪೋದಲ್ಲೂ ಗಾಡಿಗಳು ನಿಂತಿರುತ್ತವೆ. ಆದರೆ ನಿಂತ ಗಾಡಿಯನ್ನು ನೋಡುವುದಕ್ಕೂ ದುರಸ್ತಿಯಾಗುತ್ತಿರುವ ಗಾಡಿಯನ್ನು ನೋಡುವುದಕ್ಕೂ ಬಹಳ ವ್ಯತ್ಯಾಸವಿದೆ. ಕೇಳುವಾಗ ‘ಯಾವ ಡಿಪೋದಲ್ಲಿ ಈಗ ಕೆಲಸ ನಡೆಯುತ್ತಿದೆ?’ ಎಂದೇ ಕೇಳಿ.

2. ಡಿಪೋ ಬೇರೆ, ವರ್ಕ್‌ಶಾಪ್ ಬೇರೆ

ಡಿಪೋ ಎಂದರೆ ಗಾಡಿಗಳು ರಾತ್ರಿ ತಂಗುವ, ದಿನದ ತಪಾಸಣೆ ನಡೆಯುವ ಜಾಗ. ಗಡಿಯಾಹಾಟ್, ಶ್ಯಾಮ್‌ಬಜಾರ್, ಟಾಲಿಗಂಜ್, ರಾಜಾಬಜಾರ್ ಎಲ್ಲವೂ ಡಿಪೋಗಳ ಹೆಸರುಗಳೇ. ವರ್ಕ್‌ಶಾಪ್ ಎಂದರೆ ಗಾಡಿಯನ್ನು ಪೂರ್ತಿ ಬಿಚ್ಚಿ ಕಟ್ಟುವ ಕಾರ್ಖಾನೆ. ಕೋಲ್ಕತ್ತಾದಲ್ಲಿ ಅದು ನೋನಾಪುಕುರ್. ಅರ್ಜಿಯಲ್ಲಿ ‘ಟ್ರಾಮ್ ಡಿಪೋ ನೋಡಬೇಕು’ ಎಂದಷ್ಟೇ ಬರೆದರೆ ಹತ್ತಿರದ ಯಾವುದೋ ಗೇಟಿಗೆ ಕಳುಹಿಸಿ ಕೈತೊಳೆದುಕೊಳ್ಳಬಹುದು. ಚಕ್ರ ಕಳಚುವುದು, ಮೋಟಾರಿಗೆ ತಂತಿ ಸುತ್ತುವುದು ನೋಡಬೇಕಿದ್ದರೆ ನೋನಾಪುಕುರ್ ಎಂದು ಹೆಸರು ಹಿಡಿದು ಬರೆಯಿರಿ. ಬೆಳಗ್ಗೆ ಗಾಡಿ ಹೊರಡುವ ಗಡಿಬಿಡಿ ನೋಡಬೇಕಿದ್ದರೆ ಡಿಪೋ ಹೆಸರು ಬರೆಯಿರಿ.

ಎರಡಕ್ಕೂ ಒಂದೇ ದಿನ ಅನುಮತಿ ಕೇಳಬೇಡಿ. ಕೇಳಿದರೆ ಎರಡೂ ಅರೆಬರೆಯಾಗುತ್ತವೆ.

3. ಅರ್ಜಿ: ಇಡೀ ಪ್ರವಾಸ ನಿಂತಿರುವುದು ಇದರ ಮೇಲೆ

ಅರ್ಜಿ ಇಂಗ್ಲಿಷಿನಲ್ಲಿರಲಿ, ಒಂದು ಪುಟ ಮೀರದಿರಲಿ. ಸಾರಿಗೆ ನಿಗಮದ ವ್ಯವಸ್ಥಾಪಕ ನಿರ್ದೇಶಕರಿಗೆ ಬರೆದು ಇಮೇಲ್ ಮಾಡಿ, ಅದರ ಮುದ್ರಿತ ಪ್ರತಿಯನ್ನು ಸ್ಪೀಡ್ ಪೋಸ್ಟ್‌ನಲ್ಲೂ ಕಳುಹಿಸಿ. ಸರ್ಕಾರಿ ಕಚೇರಿಗಳಲ್ಲಿ ಇಮೇಲ್ ಎಲ್ಲಿ ಹೋಯಿತೆಂದು ಯಾರಿಗೂ ತಿಳಿಯದು. ಕಾಗದಕ್ಕೆ ಮಾತ್ರ ಒಂದು ಮೊಹರು, ಒಂದು ಸಂಖ್ಯೆ ಬೀಳುತ್ತದೆ. ಆಮೇಲೆ ಫೋನ್ ಮಾಡಿದಾಗ ಆ ಸಂಖ್ಯೆ ಹೇಳಿದರೆ ಮಾತು ಮುಂದುವರಿಯುತ್ತದೆ.

ಅರ್ಜಿಯಲ್ಲಿ ಇವು ಇರಲೇಬೇಕು: ಬರುವವರೆಲ್ಲರ ಹೆಸರು, ವಯಸ್ಸು, ವೃತ್ತಿ, ಜೊತೆಗೆ ಗುರುತಿನ ಚೀಟಿಯ ಪ್ರತಿ. ಒಂದು ದಿನಾಂಕ, ಅದು ಆಗದಿದ್ದರೆ ಇನ್ನೊಂದು. ಯಾವ ವಿಭಾಗಗಳನ್ನು ನೋಡಬೇಕು ಎಂಬುದು. ಫೋಟೋ ತೆಗೆಯುವಿರಾ ಎಂಬುದು. ಇದಕ್ಕೆ ಬೇರೆಯೇ ಒಂದು ಸಾಲು ಮೀಸಲಿಡಿ. ‘ಭದ್ರತಾ ಸೂಚನೆಗಳನ್ನು ಪಾಲಿಸುತ್ತೇವೆ, ನಮ್ಮ ಅಜಾಗರೂಕತೆಗೆ ನಾವೇ ಹೊಣೆ’ ಎಂಬ ಮಾತು.

ಉದ್ದೇಶದ ಸಾಲನ್ನು ಎಲ್ಲರೂ ಕೆಡಿಸುತ್ತಾರೆ. ‘ನಮಗೆ ಪರಂಪರೆಯ ಬಗ್ಗೆ ಅಪಾರ ಆಸಕ್ತಿ’ ಎಂದು ಬರೆದರೆ ಓದಿದ ಅಧಿಕಾರಿಗೆ ಏನೂ ತಿಳಿಯುವುದಿಲ್ಲ. ಹೀಗೆ ಬರೆದು ನೋಡಿ: ‘ನಾವು ಆರು ಮಂದಿ. ಇಬ್ಬರು ನಿವೃತ್ತ ಗಿರಣಿ ಫಿಟ್ಟರ್‌ಗಳು, ನಾಲ್ವರು ಎಲೆಕ್ಟ್ರಿಕಲ್ ವಿದ್ಯಾರ್ಥಿಗಳು. ಚಾಲಕರ ಕಂಟ್ರೋಲರ್, ಬ್ರೇಕ್ ವ್ಯವಸ್ಥೆ ಮತ್ತು ತಪಾಸಣೆ ಗುಂಡಿಯನ್ನು ಒಂದೂವರೆ ಗಂಟೆಯಲ್ಲಿ ನೋಡಲು ಅವಕಾಶ ಕೋರುತ್ತೇವೆ.’ ಸಮಯ ಇಷ್ಟೇ ಎಂದು ನೀವೇ ಹೇಳಿದರೆ ಒಪ್ಪಿಕೊಳ್ಳುವುದು ಅವರಿಗೆ ಸುಲಭ.

ಯುಬಿಡಿಟಿ, ಬಾಪೂಜಿ ಕಾಲೇಜುಗಳಂಥ ಕಡೆ ಓದುತ್ತಿರುವವರು ವಿಭಾಗದ ಮುಖ್ಯಸ್ಥರ ಸಹಿಯಿರುವ ಕಾಲೇಜಿನ ಲೆಟರ್‌ಹೆಡ್‌ನಲ್ಲೇ ಅರ್ಜಿ ಕೊಡಲಿ. ಸ್ವಂತವಾಗಿ ಹೋಗುವವರು ಯಾವುದಾದರೂ ನೋಂದಾಯಿತ ಸಂಘದ ಪತ್ರವೊಂದನ್ನು ಜೊತೆಗಿಟ್ಟರೆ ಒಳ್ಳೆಯದು. ಗುಂಪು ಹತ್ತು ಮಂದಿಯನ್ನು ಮೀರದಿರಲಿ, ಏಕೆಂದರೆ ಗಾಡಿಯ ಅಡಿಭಾಗ ನೋಡಲು ಹಳಿಗಳ ನಡುವೆ ತೋಡಿದ ಗುಂಡಿಯಲ್ಲಿ ನಿಲ್ಲಲು ಅಷ್ಟು ಜಾಗವಿರುವುದಿಲ್ಲ.

ಅರ್ಜಿಯನ್ನು ಒಂದೂವರೆ ಎರಡು ತಿಂಗಳು ಮೊದಲೇ ಕಳುಹಿಸಿ. ಉತ್ತರ ಬರದಿದ್ದರೆ ನೆನಪೋಲೆ ಬರೆಯಿರಿ, ಆದರೆ ವಾರಕ್ಕೆರಡು ಬೇಡ. ಅನುಮತಿ ಕೊಡುವುದೂ ಬಿಡುವುದೂ ಅವರಿಗೆ ಸೇರಿದ್ದು. ಶಿಫಾರಸು ಹುಡುಕಿಕೊಂಡು ಹೋಗುವ ನಮ್ಮೂರ ಅಭ್ಯಾಸವನ್ನು ಇಲ್ಲಿ ಬಿಟ್ಟುಬಿಡಿ. ಮೇಲಿನಿಂದ ಹೇಳಿಸಿಕೊಂಡು ಬಂದವರಿಗೆ ಡಿಪೋದವರು ಚಹಾ ಕೊಟ್ಟು ಕಚೇರಿಯಲ್ಲೇ ಕೂರಿಸುತ್ತಾರೆ.

4. ಯಾವ ಕಾಲ, ಯಾವ ರೈಲು

ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯದು. ಮಳೆಗಾಲದಲ್ಲಿ ಕೋಲ್ಕತ್ತಾದ ರಸ್ತೆಗಳಲ್ಲಿ ನೀರು ನಿಲ್ಲುತ್ತದೆ, ಹಳಿ ಮುಳುಗಿದರೆ ಟ್ರಾಮ್ ನಿಲ್ಲುತ್ತದೆ. ದುರ್ಗಾಪೂಜೆಯ ದಿನಗಳಲ್ಲಿ ಊರು ನೋಡಲು ಚೆಂದ, ಆದರೆ ಆಗ ಕಚೇರಿ ಕೆಲಸವನ್ನು ನೆಚ್ಚಿಕೊಳ್ಳಬೇಡಿ.

ಬೆಂಗಳೂರಿಗೆ ಹೋಗಿ ಅಲ್ಲಿಂದ ಹೌರಾ ರೈಲು ಹಿಡಿಯುವುದು ಒಂದು ದಾರಿ. ಹೌರಾ ಕಡೆಯ ರೈಲುಗಳು ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ಹೊರಡುತ್ತವೆ. ದಾವಣಗೆರೆಯ ರೈಲು ನಿಮ್ಮನ್ನು ಯಶವಂತಪುರದಲ್ಲೋ ಮೆಜೆಸ್ಟಿಕ್‌ನಲ್ಲೋ ಇಳಿಸುತ್ತದೆ. ನಡುವೆ ಬೆಂಗಳೂರಿನ ಸಂಚಾರವಿದೆ. ಕನಿಷ್ಠ ಮೂರು ಗಂಟೆ ಕೈಯಲ್ಲಿರಲಿ. ಇನ್ನೊಂದು ದಾರಿ ಹುಬ್ಬಳ್ಳಿ, ಹೊಸಪೇಟೆ, ಬಳ್ಳಾರಿ ಮೂಲಕ ಹೋಗುವ ಅಮರಾವತಿ ಎಕ್ಸ್‌ಪ್ರೆಸ್. ಅದು ದಿನವೂ ಇಲ್ಲ. ದಾವಣಗೆರೆಯವರು ಹರಪನಹಳ್ಳಿ ದಾಟಿ ಹೊಸಪೇಟೆಗೆ, ಚಿತ್ರದುರ್ಗದವರು ಚಳ್ಳಕೆರೆ ದಾಟಿ ಬಳ್ಳಾರಿಗೆ ಬಸ್ಸಿನಲ್ಲಿ ಹೋಗಿ ಅದನ್ನು ಹಿಡಿಯಬಹುದು.

ಟಿಕೆಟ್ ಮೇಲೆ ಇಳಿಯುವ ನಿಲ್ದಾಣದ ಹೆಸರನ್ನು ಸರಿಯಾಗಿ ಓದಿಕೊಳ್ಳಿ. ಹೌರಾ, ಶಾಲಿಮಾರ್, ಸಂತ್ರಾಗಾಚಿ, ಸಿಯಾಲ್ದಾ, ಕೋಲ್ಕತ್ತಾ ಎಲ್ಲವೂ ಬೇರೆ ಬೇರೆ ನಿಲ್ದಾಣಗಳು. ಹೌರಾದಲ್ಲಿ ಇಳಿದರೆ 2024ರಲ್ಲಿ ಶುರುವಾದ ಮೆಟ್ರೋ ಹತ್ತಿ ಹೂಗ್ಲಿ ನದಿಯ ಕೆಳಗಿನಿಂದ ನೇರ ಎಸ್ಪ್ಲನೇಡ್ ತಲುಪಬಹುದು. ಟ್ರಾಮ್ ನಿಲ್ದಾಣ ಅಲ್ಲೇ ಇದೆ.

5. ಹೊರಡುವ ಮೊದಲು ಹುಬ್ಬಳ್ಳಿಗೆ ಹೋಗಿಬನ್ನಿ

ಇದು ಕಡ್ಡಾಯವಲ್ಲ, ಆದರೆ ನನ್ನ ಒತ್ತಾಯ. ಹುಬ್ಬಳ್ಳಿ ನಿಲ್ದಾಣದ ಗದಗ ರಸ್ತೆ ಬದಿಯಲ್ಲಿ 2020ರಲ್ಲಿ ರೈಲು ಮ್ಯೂಸಿಯಂ ತೆರೆದಿದ್ದಾರೆ. ಚಕ್ರ, ಅಚ್ಚು, ಬ್ರೇಕ್‌ಗಳನ್ನು ಅಲ್ಲಿ ಅವಸರವಿಲ್ಲದೆ ನೋಡಿಕೊಂಡು ಬಂದರೆ ಕೋಲ್ಕತ್ತಾದಲ್ಲಿ ಕೇಳುವ ಪ್ರಶ್ನೆಗಳು ಚುರುಕಾಗುತ್ತವೆ. ರಜೆಯ ದಿನ ಯಾವುದೆಂದು ವಿಚಾರಿಸಿಯೇ ಹೋಗಿ.

ಹಳಿಗಳ ಅಗಲದ ಲೆಕ್ಕವನ್ನೂ ತಲೆಯಲ್ಲಿಟ್ಟುಕೊಳ್ಳಿ. ಎರಡು ಹಳಿಗಳ ನಡುವಿನ ಅಂತರವನ್ನು ಗೇಜ್ ಎನ್ನುತ್ತಾರೆ. ನಮ್ಮ ಹಿರಿಯರು ಕಂಡ ಮೀಟರ್ ಗೇಜ್ 1,000 ಮಿಲಿಮೀಟರ್, ಈಗ ದಾವಣಗೆರೆಯಲ್ಲಿ ಹಾದುಹೋಗುವ ಬ್ರಾಡ್ ಗೇಜ್ 1,676. ಕೋಲ್ಕತ್ತಾ ಟ್ರಾಮಿನದು 1,435. ನಮ್ಮ ಮೆಟ್ರೋದ್ದೂ ಅಷ್ಟೇ. ಪರೀಕ್ಷಿಸಿ ನೋಡಲು ಉಕ್ಕಿನ ಅಳತೆ ಟೇಪು ತೆಗೆದುಕೊಂಡು ಹೋಗುವ ಉತ್ಸಾಹಿಗಳಿದ್ದಾರೆ. ದಯವಿಟ್ಟು ಬೇಡ. ವಿದ್ಯುತ್ ಇರುವ ಜಾಗದಲ್ಲಿ ಉದ್ದನೆಯ ಲೋಹದ ಪಟ್ಟಿ ಹಿಡಿದು ನಿಂತವರನ್ನು ಯಾವ ಡಿಪೋದವರೂ ಎರಡನೆಯ ಸಲ ಒಳಗೆ ಬಿಡುವುದಿಲ್ಲ.

6. ಉಡುಪು ಮತ್ತು ಗೇಟಿನ ಬಳಿಯ ನಡವಳಿಕೆ

ಮುಚ್ಚಿದ ಬೂಟು, ಉದ್ದ ತೋಳಿನ ಹತ್ತಿ ಅಂಗಿ. ಪಂಚೆ, ಸೀರೆ, ಇಳಿಬಿಟ್ಟ ದುಪಟ್ಟಾ ಗುಂಡಿಯಲ್ಲಿ ಅಪಾಯ. ಬಟ್ಟೆಗೆ ಗ್ರೀಸ್ ಹತ್ತದೆ ಹೊರಗೆ ಬರುವುದು ಅಪರೂಪ, ಹಾಗಾಗಿ ಹಳೆಯದನ್ನೇ ತೊಡಿ. ಉಂಗುರ, ಕೈಬಳೆ, ಲೋಹದ ಪಟ್ಟಿಯ ಗಡಿಯಾರಗಳನ್ನು ತೆಗೆದು ಚೀಲದಲ್ಲಿಡಿ. ಒಂದು ಸಣ್ಣ ಟಾರ್ಚ್, ಒಂದು ನೋಟ್‌ಬುಕ್, ಅನುಮತಿ ಪತ್ರದ ಎರಡು ಪ್ರತಿ ಸಾಕು. ಒಂದು ಪ್ರತಿಯನ್ನು ಗೇಟಿನಲ್ಲಿ ಇಟ್ಟುಕೊಳ್ಳುತ್ತಾರೆ, ಇನ್ನೊಂದು ಒಳಗಿನ ಮೇಲ್ವಿಚಾರಕರಿಗೆ.

ನಿಮ್ಮನ್ನು ಸುತ್ತಾಡಿಸುವವರು ತಮ್ಮ ಪಾಳಿಯ ಕೆಲಸ ಬಿಟ್ಟು ಬಂದಿರುತ್ತಾರೆ. ಹಿಂದಿ ಅರ್ಧಂಬರ್ಧ ಬಂದರೂ ಸಾಕು. ವಯಸ್ಸಿನಲ್ಲಿ ಹಿರಿಯರನ್ನು ‘ದಾದಾ’ ಎನ್ನಿ. ನಾವು ‘ಅಣ್ಣ’ ಎನ್ನುವ ಕಡೆಯಲ್ಲೆಲ್ಲ ಅದು ನಡೆಯುತ್ತದೆ. ಕೈಗೆ ಹಣ ತುರುಕಬೇಡಿ. ಗೇಟಿನ ಹೊರಗಿನ ಅಂಗಡಿಯಲ್ಲಿ ಎಲ್ಲರಿಗೂ ಚಹಾ ಹೇಳಿ. ಜೊತೆಗೆ ಝಾಲ್‌ಮುಡಿ ಸಿಕ್ಕರೆ ತಿನ್ನಿ. ಅದೂ ಮಂಡಕ್ಕಿಯೇ, ಸಾಸಿವೆ ಎಣ್ಣೆಯಲ್ಲಿ ಕಲಸಿದ್ದು. ದಾವಣಗೆರೆಯವರು ತಕರಾರು ತೆಗೆಯುವುದು ಸಹಜ, ಆದರೆ ಅಲ್ಲೇ ನಿಂತು ತೆಗೆಯಬೇಡಿ.

7. ಒಳಗೆ: ಏನನ್ನು, ಯಾವ ಕ್ರಮದಲ್ಲಿ ನೋಡಬೇಕು

ಬೆಳಗಿನ ಹೊತ್ತು ಗಾಡಿಗಳು ಹೊರಡುವ ಅವಸರ ಇರುತ್ತದೆ. ಅದು ತಣ್ಣಗಾದ ಮೇಲೆ, ಹತ್ತೂವರೆಯ ನಂತರ ಸಮಯ ಕೇಳಿಕೊಳ್ಳಿ. ಆಗ ಗುಂಡಿಯ ಮೇಲೆ ಗಾಡಿ ನಿಂತಿರುತ್ತದೆ, ಫಿಟ್ಟರ್‌ಗಳಿಗೂ ಮಾತಾಡಲು ಪುರುಸೊತ್ತಿರುತ್ತದೆ.

*ಮೊದಲು ತಲೆ ಎತ್ತಿ ನೋಡಿ.* ಮೇಲಿನ ತಂತಿಯಲ್ಲಿ ಸುಮಾರು 550 ವೋಲ್ಟ್ ನೇರ ವಿದ್ಯುತ್, ಅಂದರೆ ಡಿಸಿ, ಹರಿಯುತ್ತದೆ. ನಮ್ಮ ಮನೆಗಳಲ್ಲಿರುವುದು 230 ವೋಲ್ಟ್ ಎಸಿ. ಗಾಡಿಯ ಚಾವಣಿಯ ಮೇಲೆ ಏತದ ಮರದಂತೆ ಓರೆಯಾಗಿ ಎದ್ದು ನಿಂತ ಉದ್ದನೆಯ ಕೋಲನ್ನು ಟ್ರಾಲಿ ಪೋಲ್ ಎನ್ನುತ್ತಾರೆ. ಬುಡದ ಸ್ಪ್ರಿಂಗ್‌ಗಳು ಅದನ್ನು ಮೇಲಕ್ಕೆ ಒತ್ತಿ ಹಿಡಿದು ತುದಿಯನ್ನು ತಂತಿಗೆ ತಾಗಿಸುತ್ತವೆ. ತುದಿಯಿಂದ ಇಳಿಬಿಟ್ಟ ಹಗ್ಗ ಗಾಡಿಯ ಹಿಂಬದಿಯಲ್ಲಿ ಕಾಣುತ್ತದೆ. ಕೋಲು ತಂತಿ ಬಿಟ್ಟು ಜಿಗಿದರೆ ಅದೇ ಹಗ್ಗ ಎಳೆದು ಮತ್ತೆ ಕೂರಿಸುತ್ತಾರೆ. ಕೆಲವು ಗಾಡಿಗಳಲ್ಲಿ ಕೋಲಿನ ಬದಲು ರೈಲು ಎಂಜಿನ್ನಿನ ಮೇಲಿರುವಂಥ ಮಡಚುವ ಚೌಕಟ್ಟು, ಅಂದರೆ ಪ್ಯಾಂಟೋಗ್ರಾಫ್ ಇರುತ್ತದೆ. ಮೇಲಿನಿಂದ ಬಂದ ವಿದ್ಯುತ್ ಮೋಟಾರ್ ಹಾದು ಚಕ್ರದ ಮೂಲಕ ಹಳಿಗಿಳಿದು ಹಿಂದಿರುಗುತ್ತದೆ. ಆದ್ದರಿಂದ ಒಂದೇ ತಂತಿ ಸಾಕು.

ಸೆಲ್ಫಿ ಕಡ್ಡಿ, ಛತ್ರಿ ಎರಡನ್ನೂ ಗೇಟಿನಲ್ಲೇ ಬಿಟ್ಟು ಬನ್ನಿ ಎನ್ನುವುದು ಮೇಲಿನ ಈ ತಂತಿಯ ಕಾರಣಕ್ಕೆ.

*ಆಮೇಲೆ ಚಾಲಕನ ಜಾಗ.* ಡಿಪೋ ಭೇಟಿಯ ತಿರುಳು ಇಲ್ಲಿದೆ, ಸಮಯದ ಅರ್ಧವನ್ನು ಇದಕ್ಕೇ ಕೊಡಿ. ಎದೆಮಟ್ಟದ ಎತ್ತರದ, ದುಂಡು ಮೈಯ ಕಬ್ಬಿಣದ ಪೆಟ್ಟಿಗೆಯೊಂದು ನಿಂತಿರುತ್ತದೆ. ಅದೇ ಕಂಟ್ರೋಲರ್. ತಲೆಯ ಮೇಲೆ ತಿರುಗಿಸುವ ಹಿಡಿ. ಕೈ ತಾಗುವ ಕಡೆ ಲೋಹ ಸವೆದು ನುಣುಪಾಗಿರುತ್ತದೆ, ತಾಗದ ಕಡೆ ಕಪ್ಪಾಗಿರುತ್ತದೆ. ಹಿಡಿಯನ್ನು ತಿರುಗಿಸಿದರೆ ಒಂದೊಂದು ಹೆಜ್ಜೆಗೂ ಕಟಕ್ ಎಂದು ನಿಲ್ಲುತ್ತದೆ. ಆ ಹೆಜ್ಜೆಗಳನ್ನು ನಾಚ್ ಎನ್ನುತ್ತಾರೆ.

ಪೆಟ್ಟಿಗೆಯ ಬಾಗಿಲು ತೆಗೆದು ತೋರಿಸಲು ಕೇಳಿಕೊಳ್ಳಿ. ಗಾಡಿಯ ವಿದ್ಯುತ್ ಕಡಿದಿದೆಯೇ ಎಂದು ನೋಡಿಯೇ ಅವರು ತೆಗೆಯುತ್ತಾರೆ, ನೀವು ಅವಸರಪಡಿಸಬೇಡಿ. ಒಳಗೆ ನಿಂತ ಉರುಳೆ, ಅದರ ಮೈಮೇಲೆ ತಾಮ್ರದ ಪಟ್ಟಿಗಳು, ಎದುರಿಗೆ ಸಾಲಾಗಿ ತಾಮ್ರದ ಬೆರಳುಗಳು. ಉರುಳೆ ತಿರುಗಿದಂತೆ ಬೆರಳುಗಳು ಬೇರೆ ಬೇರೆ ಪಟ್ಟಿಗಳನ್ನು ಮುಟ್ಟಿ ಮೋಟಾರ್‌ಗಳ ಜೋಡಣೆಯನ್ನು ಬದಲಿಸುತ್ತವೆ. ಹೊರಡುವಾಗ ಮೋಟಾರ್‌ಗಳು ಒಂದರ ಹಿಂದೆ ಒಂದು ಸರಣಿಯಲ್ಲಿ ಇರುತ್ತವೆ. ಹೀಗೆ ಎರಡು ಮೋಟಾರ್ ಇದ್ದರೆ ತಲಾ ಅರ್ಧ ವೋಲ್ಟೇಜ್ ಸಿಗುತ್ತದೆ. ವೇಗ ಬಂದ ಮೇಲೆ ಸಮಾಂತರವಾಗುತ್ತವೆ, ಪೂರ್ತಿ ವೋಲ್ಟೇಜ್ ಸಿಗುತ್ತದೆ. ಮೊದಲ ನಾಚ್‌ಗಳಲ್ಲಿ ಹೆಚ್ಚುವರಿ ವಿದ್ಯುತ್ತನ್ನು ತಡೆದು ಬಿಸಿಯಾಗಿ ಕಳೆಯುವುದು ಗಾಡಿಯ ಮೇಲಿರುವ ರೆಸಿಸ್ಟೆನ್ಸ್‌ಗಳ ಕೆಲಸ. ನಡುವಿನ ನಾಚ್‌ನಲ್ಲೇ ಹಿಡಿಯನ್ನು ಬಹಳ ಹೊತ್ತು ನಿಲ್ಲಿಸಿದರೆ ಅವು ಕೆಂಪಗೆ ಕಾಯುತ್ತವೆ. ‘ಹೊಸ ಚಾಲಕರಿಗೆ ಮೊದಲು ಏನು ಕಲಿಸುತ್ತೀರಿ?’ ಎಂದು ಕೇಳಿ ನೋಡಿ, ಮಾತು ಇಲ್ಲಿಗೇ ಬಂದು ನಿಲ್ಲುತ್ತದೆ.

ತಾಮ್ರದ ಬೆರಳುಗಳ ತುದಿಯಲ್ಲಿ ಸುಟ್ಟ ಗುರುತುಗಳನ್ನು ಹುಡುಕಿ. ಎಸಿ ವಿದ್ಯುತ್ ಸೆಕೆಂಡಿಗೆ 100 ಸಲ ಸೊನ್ನೆಗಿಳಿದು ಏರುವುದರಿಂದ ಸ್ವಿಚ್ ತೆಗೆದಾಗ ಕಿಡಿ ಬೇಗ ಆರುತ್ತದೆ. ಡಿಸಿ ಸೊನ್ನೆಗಿಳಿಯುವುದೇ ಇಲ್ಲ, ಹಾಗಾಗಿ ಕಿಡಿ ಜ್ವಾಲೆಯಾಗಿ ಎಳೆದುಕೊಳ್ಳುತ್ತದೆ. ಅದನ್ನು ಆರಿಸಲು ಪೆಟ್ಟಿಗೆಯೊಳಗೆ ಕಾಂತದ ಸುರುಳಿ ಇದೆ. ಕಾಂತಬಲ ಜ್ವಾಲೆಯನ್ನು ಪಕ್ಕಕ್ಕೆ ಹಿಗ್ಗಿಸಿ ತುಂಡರಿಸುತ್ತದೆ. ಆದರೂ ತಾಮ್ರ ಸುಡುವುದು ತಪ್ಪುವುದಿಲ್ಲ. ಸುಟ್ಟ ತುದಿಯನ್ನು ಅರದಿಂದ ಉಜ್ಜಿ ಸಮ ಮಾಡುವುದು, ಸವೆದದ್ದನ್ನು ಬದಲಿಸುವುದು ಫಿಟ್ಟರ್‌ನ ಮಾಮೂಲಿ ಕೆಲಸ. ಗಿರಣಿಯಲ್ಲಿ ದುಡಿದ ಹಿರಿಯರು ಗುಂಪಿನಲ್ಲಿದ್ದರೆ ಅವರನ್ನು ಇಲ್ಲಿ ಮುಂದೆ ಬಿಡಿ. ಅರ ಹಿಡಿದ ಇಬ್ಬರ ನಡುವೆ ದುಭಾಷಿ ಬೇಕಾಗುವುದಿಲ್ಲ.

ಮುಂದಕ್ಕೆ ಹಿಂದಕ್ಕೆ ಬದಲಿಸಲು ಬೇರೆಯೇ ಒಂದು ಸಣ್ಣ ಹಿಡಿ ಇರುತ್ತದೆ. ಈ ಬಗೆಯ ಕಂಟ್ರೋಲರ್‌ನಲ್ಲಿ ಅದನ್ನು ಕಳಚಿ ತೆಗೆದರೆ ದೊಡ್ಡ ಹಿಡಿ ತಿರುಗುವುದಿಲ್ಲ; ಅದೇ ಗಾಡಿಯ ಬೀಗದ ಕೈ. ಕಾಲ ಬಳಿಯ ಬಟನ್ ತುಳಿದರೆ ಗಂಟೆ ಬಾರಿಸುತ್ತದೆ. ಮಕ್ಕಳಿದ್ದರೆ ಮೊದಲೇ ತಾಕೀತು ಮಾಡಿ, ಡಿಪೋ ಒಳಗೆ ಗಂಟೆ ಎಂದರೆ ಗಾಡಿ ಹೊರಟಿತು ಎಂದರ್ಥ.

*ಕೊನೆಗೆ ಗುಂಡಿ.* ಎರಡು ಹಳಿಗಳ ನಡುವೆ ತೋಡಿದ ತಪಾಸಣೆ ಗುಂಡಿಯಲ್ಲಿ ನಿಂತರೆ ಗಾಡಿ ತಲೆಯ ಮೇಲೆ ಇರುತ್ತದೆ. ಅಚ್ಚಿಗೆ ಆತುಕೊಂಡ ಮೋಟಾರ್, ಅದರ ಹಲ್ಲುಚಕ್ರದ ಪೆಟ್ಟಿಗೆ, ಬ್ರೇಕಿನ ಸರಳುಗಳು, ಚಕ್ರಕ್ಕೆ ಒತ್ತುವ ಬ್ರೇಕ್ ಶೂಗಳನ್ನು ಒಂದೊಂದಾಗಿ ಗುರುತಿಸಿ. ಚಕ್ರದ ಮುಂದೆ ಇಳಿದಿರುವ ಸಣ್ಣ ಕೊಳವೆಯನ್ನು ಅನೇಕರು ಗಮನಿಸುವುದೇ ಇಲ್ಲ. ಅದು ಮರಳಿನ ಕೊಳವೆ. ಹಳಿ ಒದ್ದೆಯಾಗಿ ಚಕ್ರ ಜಾರಿದರೆ ಒಣ ಮರಳು ಉದುರಿಸಿ ಹಿಡಿತ ತಂದುಕೊಳ್ಳುತ್ತಾರೆ. ಮರಳು ತೇವವಾದರೆ ಕೊಳವೆ ಕಟ್ಟಿಕೊಳ್ಳುತ್ತದೆ. ಮರಳನ್ನು ಎಲ್ಲಿ ಒಣಗಿಸುತ್ತೀರಿ ಎಂದು ಕೇಳಿ.

ಗುಂಡಿಗೆ ಮೆಟ್ಟಿಲಿನಿಂದಲೇ ಇಳಿಯಿರಿ, ಹಾರಬೇಡಿ. ಅಡಿಯಲ್ಲಿ ಎಣ್ಣೆ ಇರುತ್ತದೆ. ನೇತಾಡುವ ಯಾವುದನ್ನೂ ಹಿಡಿದುಕೊಳ್ಳಬೇಡಿ. ಗಾಡಿ ಬರುವುದು ಹೋಗುವುದು ನಡೆದಿರುವ ಸಾಲಿನ ಹಳಿ ದಾಟುವಾಗ ಎರಡೂ ಕಡೆ ನೋಡಿ. ಕವಲು ಹಳಿಯ ಸಂದಿಗೆ ಕಾಲಿಡಬೇಡಿ, ಅದು ಸರಿಯುತ್ತದೆ. ನಿಧಾನವಾಗಿ ಬರುವ ಟ್ರಾಮಿನ ಸದ್ದು ವರ್ಕ್‌ಶಾಪಿನ ಗದ್ದಲದಲ್ಲಿ ಕೇಳುವುದೇ ಇಲ್ಲ.

ಫೋಟೋ ಬಗ್ಗೆ ಒಂದೇ ಮಾತು: ಚಲಿಸುವ ಗಾಡಿಯ ಎದುರು ಫ್ಲ್ಯಾಶ್ ಬೇಡ, ಕೆಲಸಗಾರರ ಮುಖ ಅವರನ್ನು ಕೇಳದೆ ಬೇಡ.

8. ಅನುಮತಿ ಸಿಗದಿದ್ದರೆ

ಗೇಟಿನಲ್ಲಿ ವಾದ ಮಾಡಿ ಪ್ರಯೋಜನವಿಲ್ಲ. ಎಸ್ಪ್ಲನೇಡ್‌ನಲ್ಲಿ ಹಳೆಯ ಟ್ರಾಮ್ ಗಾಡಿಯನ್ನೇ ಮ್ಯೂಸಿಯಂ ಮಾಡಿ 2014ರಲ್ಲಿ ತೆರೆದ ‘ಸ್ಮರಣಿಕಾ’ ಇದೆ. ಟಿಕೆಟ್, ಪಾಸ್, ಬಿಡಿಭಾಗಗಳನ್ನು ಅಲ್ಲಿ ಇಟ್ಟಿದ್ದಾರೆ. ತೆರೆಯುವ ವೇಳೆಯನ್ನು ಹಿಂದಿನ ದಿನವೇ ಕೇಳಿಕೊಳ್ಳಿ. ಆಮೇಲೆ ಅಲ್ಲಿನ ಟ್ರಾಮ್ ನಿಲ್ದಾಣದಲ್ಲೇ ಒಂದು ಗಂಟೆ ನಿಲ್ಲಿ. ಗಾಡಿ ಸುತ್ತುಹಳಿಯಲ್ಲಿ ತಿರುಗುವುದು, ಕಬ್ಬಿಣದ ಸರಳಿನಿಂದ ಕವಲು ಹಳಿಯನ್ನು ಸರಿಸುವುದು, ಕೋಲನ್ನು ತಂತಿಗೆ ಕೂರಿಸುವುದು ಎಲ್ಲವೂ ರಸ್ತೆಯಲ್ಲೇ ಕಾಣುತ್ತದೆ. ಗಾಡಿ ಓಡುತ್ತಿದ್ದರೆ ಮುಂದಿನ ಬೋಗಿ ಹತ್ತಿ, ಚಾಲಕನ ಹಿಂದೆ ನಿಂತು ಅವನ ಎಡಗೈ, ಬಲಗೈ ಏನು ಮಾಡುತ್ತವೆ ಎಂದು ನೋಡಿ. ಮಾತಾಡಿಸಬೇಡಿ.

9. ಊರಿಗೆ ಬಂದ ಮೇಲೆ

ವಾರದೊಳಗೆ ಕೃತಜ್ಞತಾ ಪತ್ರ ಬರೆಯಿರಿ. ಅನುಮತಿ ಪತ್ರದ ಸಂಖ್ಯೆ, ಭೇಟಿಯ ದಿನಾಂಕ, ತೋರಿಸಿದವರ ಹುದ್ದೆ ಅದರಲ್ಲಿರಲಿ. ಕೆಲಸಗಾರರ ಫೋಟೋ ತೆಗೆದಿದ್ದರೆ ಮುದ್ರಿಸಿ ಡಿಪೋ ವಿಳಾಸಕ್ಕೆ ಅಂಚೆಯಲ್ಲಿ ಕಳುಹಿಸಿ. ಮೊಬೈಲಿಗೆ ಕಳುಹಿಸಿದ್ದು ಒಬ್ಬರ ಹತ್ತಿರವೇ ಉಳಿಯುತ್ತದೆ, ಮುದ್ರಿಸಿದ್ದು ಸೂಚನಾ ಫಲಕಕ್ಕೆ ಏರುತ್ತದೆ. ಕೃತಜ್ಞತಾ ಪತ್ರದ ಪ್ರತಿಯನ್ನು ನಿಮ್ಮ ಬಳಿಯೂ ಇಟ್ಟುಕೊಳ್ಳಿ. ಮುಂದೆ ನಿಮ್ಮ ಕಾಲೇಜಿನವರೋ ಸಂಘದವರೋ ಅರ್ಜಿ ಹಾಕುವಾಗ ಜೊತೆಗೆ ಲಗತ್ತಿಸಬಹುದು.